ಬೋರಲಿಂಗ ಗವಿಯಪ್ಪನ ವಿಡಿಯೋ ತೆಗ್ದಿದ್ದು

ಕೈ ಅವರೆಕಾಯಿ ಸುಲೀತಾ ಇರ್ಲಿ, ಕಿವಿ ಇತ್ಲಾಗೆ ಕೊಡಿ. ನಮ್ಮ ಹಿಂದಿನ ಬೀದಿ ದ್ಯಾವಮ್ಮಂಗೆ ಒಬ್ನೇ ಮಗ, ಬೋರಲಿಂಗ. ಆಳು ನೋಡಿದ್ರೆ ಬಾಗ್ಲು ತುಂಬ ಅವ್ನೆ. ಮೀಸೆ ಬಂದು ಯಾವ ಕಾಲ ಆಯ್ತು, ಬುದ್ಧಿ ಇನ್ನೂ ಬರೋ ದಾರೀಲದೆ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ. "ಕೋಳಿ ಮೇಲೆ ಮಂಕರಿ ಮುಚ್ಚಿ ಬಾರ್ಲಾ" ಅಂದ್ರೆ ಮುಚ್ಚಿ ಬತ್ತಾನೆ. ಮಂಕರಿ ತೆಗಿ ಅಂತ ಹೇಳೋಗಂಟ ಮೂರು ದಿನ ಆದ್ರೂ ತೆಗ್ಯಲ್ಲ!

ಇವನಿಗೊಂದು ಹುಚ್ಚು. ಊರೂರು ತಿರುಗಿ ವಿಡಿಯೋ ಮಾಡ್ತಾರಲ್ಲ, ಅದನ್ನ ಫೋನಲ್ಲಿ ಬೆಳಿಗ್ಗಿಂದ ಸಂಜೆಗಂಟ ನೋಡೋದು.

"ಅವ್ವಾ, ನಾನೂ ಊರು ಸುತ್ತಿ ವಿಡಿಯೋ ಮಾಡ್ತೀನಿ."

"ಮೊದ್ಲು ಹಿತ್ಲು ಸುತ್ತಿ ಸೌದೆ ತತ್ತಾರ್ಲಾ!"

ಹಿಂಗಿರೋವಾಗ ಏನಾಯ್ತು, ದ್ಯಾವಮ್ಮನ ಅಕ್ಕ ಕೆಂಚಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡ್ಳು. ಹಿಂದೆ ಮುಂದೆ ಯಾರೂ ಇಲ್ದ ಹೆಂಗಸು, ಎದುರು ಮನೇಲೇ ಇರೋದು. ಮಂಚ ಬಿಟ್ಟು ಇಳೀಬಾರ್ದು ಅಂದ್ರು ಡಾಕ್ಟ್ರು. ಎತ್ತಿ ಕೂರ್ಸೋದು, ತೊಳ್ಸೋದು, ತಲೆ ಬಾಚೋದು ಎಲ್ಲಾ ದ್ಯಾವಮ್ಮನೇ.

ಈ ಕೆಂಚಮ್ಮ ನಲವತ್ತು ವರ್ಷದಿಂದ ಕಾರ್ತಿಕದಲ್ಲಿ ಮೂಡಲಬೆಟ್ಟ ಹತ್ತಿ ಮನೆದೇವ್ರು ಗವಿಯಪ್ಪಂಗೆ ಹಣ್ಣುಕಾಯಿ ಮಾಡ್ಸಿ ಬತ್ತಿದ್ಳು. ಬಂದ್ಮೇಲೇ ಹೊಸ ರಾಗಿ ಮುದ್ದೆ ಉಣ್ಣೋದು. ಈ ಸಲ ಹಳೇ ರಾಗಿ ತೀರೋಯ್ತು, ಹೊಸ ರಾಗಿ ಬಂತು, ಬೆಟ್ಟ ಹತ್ತೋಕೆ ಸೊಂಟ ಇಲ್ಲ.

"ದೇವ್ರ ಮುಖ ನೋಡ್ದೆ ಹೊಸ ರಾಗಿ ಮುಟ್ಟಲ್ಲ ಕಣ್ ದ್ಯಾವಿ."

"ಅನ್ನನಾರ ಉಣ್ಣಕ್ಕಾ."

"ಅನ್ನ ಉಂಡ್ರೆ ಉಂಡಂಗೇ ಆಗಲ್ಲ, ತೆಗಿ ಅತ್ಲಾಗೆ!"

ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಹೊಟ್ಟೆಗೆ ಬೀಳ್ದೆ ಮೂಳೆ ಕೂಡಲ್ಲ ಅಂತ ಡಾಕ್ಟ್ರು ಬೇರೆ ಅಂದಿದ್ರು. ದ್ಯಾವಮ್ಮ ದಿನಾ ಅಕ್ಕನ್ನ ಎತ್ತೋಳಲ್ಲ, ಮೊನ್ನೆಗಿಂತ ಇವತ್ತು ಹಗುರ ಆಗವ್ಳೆ ಅಂತ ಕೈಗೇ ತಿಳೀತಿತ್ತು. ತಾನು ಹೋಗವಾ ಅಂದ್ರೆ ಅಕ್ಕನ್ನ ಎತ್ತೋರಿಲ್ಲ. ಕೊನೆಗೆ ಒಂದು ಉಪಾಯ ಮಾಡಿದ್ಳು.

"ಅಕ್ಕಾ, ಬೋರ ಹೋಗಿ ವಿಡಿಯೋ ತೆಗ್ದು ಬಂದ್ರೆ, ಅದ್ರಲ್ಲಿ ದೇವ್ರ ಮುಖ ನೋಡಿದ್ರೆ ಆಗಲ್ವಾ?"

ಕೆಂಚಮ್ಮ, "ನಮ್ಮನೆ ಹೆಸರಲ್ಲಿ ಮಂಗಳಾರತಿ ಆಗೋದು ಕಂಡ್ರೆ ಆಯ್ತದೆ" ಅಂದ್ಳು.

ದ್ಯಾವಮ್ಮ ಮಗನ್ನ ಕೂರಿಸ್ಕೊಂಡು, "ಮೊದ್ಲು ಎಲ್ಲಾ ಗೊತ್ತು ಮಾಡ್ಕೊಂಡು ಚೀಟೀಲಿ ಬರ್ಕೊ. ಎಷ್ಟೊತ್ತಿಗೆ ಬಸ್ಸು, ಎಷ್ಟೊತ್ತಿಗೆ ಮೆಟ್ಲು. ಬರ್ದಂಗೇ ಮಾಡು. ಒಂಚೂರೂ ಆಚೀಚೆ ಆಗ್ಬಾರ್ದು!" ಅಂದ್ಳು.

"ಹೂಂ ಕಣವ್ವ."

ಬರ್ಕೊಂಡ. ಆರು ಗಂಟೆಗೆ ಬಸ್ಸು. ಎಂಟಕ್ಕೆ ಕಾಫಿ. ಹತ್ತಕ್ಕೆ ಮೆಟ್ಲು. ಹನ್ನೊಂದಕ್ಕೆ ಕೈ ಮುಗಿಯೋದು. ಬೆಳಿಗ್ಗೆ ಹೋಗಿ ನಿಂತ. ಬಸ್ಸು ಆರಕ್ಕೆ ಐದು ನಿಮಿಷ ಇರೋವಾಗ್ಲೇ ಬಂತು. "ಹತ್ತಪ್ಪೋ!" ಅಂದ ಕಂಡಕ್ಟರು. "ಇನ್ನೂ ಆರಾಗಿಲ್ಲ" ಅಂದ ನಮ್ಮ ಬೋರ. ಬಸ್ಸು ಹೋಯ್ತು. ಆರಕ್ಕೆ ಸರ್ಯಾಗಿ ಫೋನು ಎತ್ತಿ ಖಾಲಿ ರಸ್ತೆ ವಿಡಿಯೋ ತೆಗ್ದ. ಎಂಟಕ್ಕೆ ಅಲ್ಲೇ ಕಾಫಿ ಕುಡ್ದ. ಹತ್ತಕ್ಕೆ ಮೆಟ್ಲು ಹತ್ಬೇಕಲ್ಲ, ಪಂಚಾಯ್ತಿ ಆಫೀಸಿನ ಮೂರು ಮೆಟ್ಲು ಹತ್ತಿದ. ಹನ್ನೊಂದಾಗೋಗಂಟ ಅಲ್ಲೇ ನಿಂತಿದ್ದು, ಒಳಗೆ ಹೋಗಿ ಜವಾನಂಗೆ ಕೈ ಮುಗ್ದ!

ವಿಡಿಯೋ ನೋಡಿ ಕೆಂಚಮ್ಮ, "ಇದ್ಯಾಕೆ ಗವಿಯಪ್ಪ ಬೀಡಿ ಸೇದ್ತಾ ಕೂತವ್ನೆ?" ಅಂದ್ಳು. ಅಲ್ದೆ, ತೆಗೆಯೋವಾಗ ಬೋರ ಫೋನು ಗಡಗಡ ಅಲ್ಲಾಡಿಸಿದ್ದ, ನೋಡಿ ಅವಳಿಗೆ ತಲೆ ಸುತ್ತು ಬೇರೆ ಬಂತು ಪಾಪ.

ದ್ಯಾವಮ್ಮ ಹಣೆ ಚಚ್ಕೊಂಡ್ಳು. "ಥೂ ನಿನ್ನ! ಬಸ್ಸು ಬಂದ್ಮೇಲೆ ಟೈಮ್ ನೋಡ್ತಾರೇನ್ಲಾ! ಬಸ್ಸು ಬಂತಾ, ಹತ್ತು. ಸೀಟು ಸಿಕ್ತಾ, ಕೂತ್ಕೊ. ಯಾರು ಏನಂದ್ರೂ ಏಳ್ಬೇಡ. ಫೋನ್ ಅಲ್ಲಾಡಿಸ್ಬೇಡ, ದೀಪ ಹಿಡ್ದಂಗೆ ನೆಟ್ಟಗೆ ಹಿಡಿ!"

"ಮೊದ್ಲೇ ಹಂಗನ್ಬಾರ್ದಾ ಅವ್ವ!"

ಮಾರನೇ ದಿನ ಬಸ್ಸು ಬಂತು, ಹತ್ತಿದ, ಸೀಟು ಸಿಕ್ತು, ಕೂತ. ಅದು ಬೆಟ್ಟದ ಬಸ್ಸಲ್ಲ ಕಣ್ರವ್ವಾ, ಮದುವೆ ದಿಬ್ಬಣದ ಬಸ್ಸು! ಛತ್ರ ಬಂತು. ಎಲ್ಲಾ ಇಳಿದ್ರು, ಇವನು ಇಳೀಲಿಲ್ಲ. ಗಂಡಿನ ಚಿಕ್ಕಪ್ಪ ಬಂದು, "ಇಳಿಯಪ್ಪಾ" ಅಂದ್ರು.

"ಇಳಿಯಲ್ಲ."

"ಯಾಕಪ್ಪಾ, ನಮ್ಮಿಂದ ಏನಾರ ತಪ್ಪಾಯ್ತಾ?"

"ನಮ್ಮವ್ವ ಏಳ್ಬೇಡ ಅಂದವ್ಳೆ."

ಹೆಣ್ಣಿನ ಕಡೆಯೋರಿಗೆ ಹೆದ್ರಿಕೆ ಆಯ್ತು. ಗಂಡಿನ ಕಡೆ ಯಾರೋ ದೊಡ್ಡ ಮನುಷ್ಯ ಮುನಿಸ್ಕೊಂಡು ಬಸ್ಸಲ್ಲೇ ಕೂತವ್ನೆ ಅಂದ್ಕೊಂಡು ತಾಂಬೂಲ ತಂದು ಕರೆದ್ರು. ಏಳ್ಲಿಲ್ಲ. ಕೊನೆಗೆ ಎಲೆ ತಂದು ತೊಡೆ ಮೇಲೆ ಹಾಕಿ ಬಡಿಸಿದ್ರು. ಎರಡು ಸಲ ಪಾಯಸ ಹಾಕಿಸ್ಕೊಂಡು, ಸಂಜೆ ಅದೇ ಬಸ್ಸಲ್ಲಿ ಮನೆಗೆ ಬಂದ ಭೂಪ!

ವಿಡಿಯೋ ಮಾತ್ರ ಒಂಚೂರೂ ಅಲ್ಲಾಡಿಲ್ಲ. ಹೋಗ್ತಾ ಮುಂದಿನ ಸೀಟಲ್ಲಿ ಒಬ್ಬ ಬೋಳು ತಲೆಯೋರು ಕೂತಿದ್ರು. ದಾರಿಯುದ್ದಕ್ಕೂ ಅದೇ ತಲೆ. ನುಣ್ಣಗೆ, ಮಿರಮಿರ ಅಂತ. ಕೆಂಚಮ್ಮಂಗೆ ಕಣ್ಣು ಬೇರೆ ಮಂಜು. ಎರಡು ಕೈ ಎತ್ತಿ ಮುಗಿದ್ಳು. "ಅಪ್ಪಾ ಗವಿಯಪ್ಪಾ! ಎಣ್ಣೆ ಮಜ್ಜನ ಆಗದೆ ನೋಡ್ ದ್ಯಾವಿ, ಹೆಂಗೆ ಹೊಳೀತಾನೆ! ಇಕ್ಕು ಎಸರು!"

ದ್ಯಾವಮ್ಮ ಕುಣ್ಕೊಂಡು ಹೋಗಿ ಒಲೆ ಹಚ್ಚಿದ್ಳು. ಎಸರು ಕುದಿ ಬಂತು. ಇನ್ನೇನು ಹಿಟ್ಟು ಸುರೀಬೇಕು, ಅಷ್ಟ್ರಲ್ಲಿ ಗವಿಯಪ್ಪ ಇತ್ಲಾಗೆ ತಿರುಗಿ "ಆಕ್ಷೀ" ಅಂತ ಸೀನ್ದ!

"ದ್ಯಾವೀ, ಆರಿಸು ಒಲೆ."

ದ್ಯಾವಮ್ಮ ಮುದ್ದೆ ಕೋಲು ಹಿಡ್ಕೊಂಡು ಮಗನ್ನ ಹಿತ್ಲು ಪೂರ್ತಿ ಓಡಿಸಿದ್ಳು. "ಮನೆಹಾಳ! ಇನ್ನೊಬ್ರ ಮಂಡೆ ತೋರ್ಸಕ್ಕೆ ಕಳಿಸ್ದೆನಾ ನಿನ್ನ! ಬೆಟ್ಟದ ಬಸ್ಸಾ ಅಂತ ಕೇಳಿ ಹತ್ತು, ಬೆಟ್ಟದಲ್ಲಿ ಇಳಿ. ದಾರಿ ತೋರ್ಸು, ಮೆಟ್ಲು ತೋರ್ಸು. ಅಕ್ಕಂಗೆ ಕಣ್ಣು ಕಾಣಲ್ಲ, ಕಂಡಿದ್ದೆಲ್ಲಾ ಬಾಯ್ಬಿಟ್ಟು ಹೇಳು. ಒಂದನ್ನೂ ಬಿಡ್ಬೇಡ!"

"ಹೂಂ ಕಣವ್ವ, ಒಂದನ್ನೂ ಬಿಡಲ್ಲ."

ಈ ಸಲ ಬೆಟ್ಟ ಸೇರ್ಕೊಂಡ ಅನ್ನಿ. ಫೋನು ಎತ್ತಿದ, ಬಾಯಿ ಬಿಟ್ಟ. "ಇದು ಒಂದ್ನೇ ಮೆಟ್ಲು. ಇದು ಎರಡ್ನೇ ಮೆಟ್ಲು. ಇದು ಮೂರ್ನೇ ಮೆಟ್ಲು, ಇದರ ಮೇಲೆ ಎಲೆಅಡಿಕೆ ಉಗಿದವ್ರೆ." ಮುನ್ನೂರು ಮೆಟ್ಲು ಕಣ್ರವ್ವಾ! ಮಧ್ಯದಲ್ಲಿ ಒಬ್ಳು ಹೆಂಗ್ಸು ಸುಸ್ತಾಗಿ ಕೂತಿದ್ಳು. "ಇವ್ರು ಬಲು ದಪ್ಪಗವ್ರೆ. ಕಮ್ಮಾರನ ತಿದಿ ಥರ ಉಸ್ರು ಬಿಡ್ತವ್ರೆ" ಅಂದ. ಆಯಮ್ಮ ಛತ್ರಿ ತಕ್ಕೊಂಡು ಬೆನ್ನಿಗೆ ಒಂದು ಬಿಟ್ಳು. "ಇವ್ರು ಛತ್ರೀಲಿ ಹೊಡೆದ್ರು. ಇದು ನೂರಾ ನಲವತ್ತನೇ ಮೆಟ್ಲು" ಅಂದ್ಕೊಂಡು ಮುಂದಕ್ಕೆ ಹೋದ.

ಗುಡಿ ಬಾಗ್ಲಿಗೆ ಹೋದ, ಘಂಟೆ ಬಾರಿಸ್ದ, ಫೋನಿನ ಚಾರ್ಜು ಖಾಲಿ!

ಕೆಂಚಮ್ಮ ಅರವತ್ತನೇ ಮೆಟ್ಲಿಗೇ ಗೊರಕೆ ಹೊಡೆದ್ಳು. ಸಂಜೆ ದ್ಯಾವಮ್ಮ ಎತ್ತಿ ಕೂರ್ಸೋಕೆ ಹೋದ್ರೆ ಒಣಗಿದ ಸೌದೆ ಎತ್ತಿದಂಗಾಯ್ತು. ಈ ಸಲ ಕೋಲು ಹಿಡೀಲಿಲ್ಲ ಅವಳು. ಗೋಡೆಗೆ ಒರಗಿ ಕೂತು, ಮೆತ್ತಗೆ ಅಂದ್ಳು.

"ಮಗಾ, ನಿಮ್ಮ ದೊಡ್ಡವ್ವ ಸತ್ತೋಯ್ತಾಳೆ ಕಣ್ಲಾ. ಬೇರೇನೂ ಬ್ಯಾಡ, ದೇವ್ರ ಮುಖ ಒಂದು ತತ್ತಾ. ಹೋದಲ್ಲೆಲ್ಲಾ ಒದೆ ತಿನ್ಬೇಡ. ಯಾರನ್ನೇ ತೆಗೀಲಿ, 'ತೆಗೀಲಾ' ಅಂತ ಕೇಳು. ಅವ್ರು ಹೂಂ ಅಂದ್ರೆ ತೆಗಿ, ಇಲ್ದಿದ್ರೆ ಬ್ಯಾಡ."

ಬೋರಂಗೂ ಕಣ್ಣಲ್ಲಿ ನೀರು ಬಂತು. ಪೆದ್ದ ಆದ್ರೂ ಕರುಳಿಲ್ವಾ? "ಕೇಳೇ ತೆಗೀತೀನವ್ವ" ಅಂದ.

ನಾಕ್ನೇ ಸಲ ಹೋದ. ಕೇಳ್ಕೊಂಡೇ ಹೋದ. ಕಾಯಿ ಮಾರೋಳನ್ನ ಕೇಳ್ದ, ಹೂಂ ಅಂದ್ಳು, ತೆಗ್ದ. ಕೋತೀನ ಕೇಳ್ದ, "ತೆಗೀಲಾ ಸ್ವಾಮಿ?" ಕೋತಿ ಹೂಂ ಅನ್ಲಿಲ್ಲ, ಚೀಲದಿಂದ ಬಾಳೆಹಣ್ಣು ಕಿತ್ಕೊಂಡು ಹೋಯ್ತು. ಗುಡಿ ಮುಂದೆ ನಾಯೀನ ಕೇಳ್ದ, ಬಾಲ ಅಲ್ಲಾಡಿಸಿ ಹೂಂ ಅಂತು, ತೆಗ್ದ. ಗುಡಿ ಒಳಕ್ಕೆ ಹೋದ. ಪೂಜಾರಪ್ಪ ಇವರ ಮನೆ ಹೆಸರು ಹೇಳಿ ಮಂಗಳಾರತಿ ಎತ್ತಿದ್ರು.

"ತೆಗಿಯಪ್ಪಾ, ಬೇಗ ತೆಗಿ."

"ಅವ್ರು ಹೂಂ ಅಂದಿಲ್ಲ."

"ಯಾರು?"

"ಗವಿಯಪ್ಪೋರು."

ಪೂಜಾರಪ್ಪ ಆರತಿ ತಟ್ಟೆ ಹಿಡ್ಕೊಂಡು ಹಂಗೇ ನಿಂತ್ಬುಟ್ರು. ಹಿಂದೆ ಸಾಲು ನಿಂತಿದ್ದ ಜನ "ನಡೀರಯ್ಯಾ, ನಡೀರಿ!" ಅಂತ ಕೂಗ್ತಾವ್ರೆ. ಇವನು ಅಲ್ಲಾಡಲ್ಲ. ಕೊನೆಗೆ ಪೂಜಾರಪ್ಪ ದೇವ್ರ ಮೈಗೆ ಒದ್ದೆ ಹೂವು ಅಂಟಿಸಿ, "ಸರಿ, ಕೇಳ್ಕೊ. ಬಲಗಡೆ ಹೂವು ಬಿದ್ರೆ ಹೂಂ. ಎಡಗಡೆ ಬಿದ್ರೆ ಉಹೂಂ" ಅಂದ್ರು. ಮದುವೆಗೆ, ಬೋರ್‌ವೆಲ್ಲಿಗೆ ಅಪ್ಪಣೆ ಕೇಳೋದು ಹಂಗೇ ತಾನೆ ಅಲ್ಲಿ!

"ತೆಗೀಲಾ ಸ್ವಾಮಿ?" ಅಂದ ಬೋರ.

ಹೂವು ಬೀಳ್ಲಿಲ್ಲ. ಕಾದ್ರು. ಆರತಿ ಆರೋಯ್ತು, ಮತ್ತೆ ಹಚ್ಚಿದ್ರು. ಹೂವು ಬೀಳ್ಲಿಲ್ಲ. ಸಾಲಲ್ಲಿದ್ದ ಒಬ್ಬಜ್ಜಿ, "ಹೂಂ ಅನ್ನಪ್ಪಾ, ಹುಡ್ಗ ಪಾಪ ಕೇಳ್ತಾವ್ನೆ!" ಅಂತ ಕೂಗಿದ್ಳು. ಇನ್ನೊಬ್ಬ, "ಹೂಂ ಅಂದ್ಬುಡು ಗವಿಯಪ್ಪಾ, ನನ್ನ ಬಸ್ಸು ಹೋಯ್ತದೆ!" ಅಂದ. ಆಮೇಲೆ ಸಾಲಿಗೆ ಸಾಲೇ, "ಹೂಂ ಅನ್ನಪ್ಪಾ! ಹೂಂ ಅನ್ನಪ್ಪಾ!" ಅಷ್ಟ್ರಲ್ಲಿ ಬಲಗಡೆಯಿಂದ ಒಂದು ಸೇವಂತಿಗೆ ಪಟಕ್ಕನೆ ಉದುರ್ತು. ಜನ ಹೋ ಅಂತ ಕಿರುಚಿದ್ರು. ಬೋರ ತೆಗ್ದ. ಬೆಳ್ಳಿ ಮುಖವಾಡ, ಹೂವಿನ ಅಲಂಕಾರ, ಮಂಗಳಾರತಿ, ಇವರ ಮನೆ ಹೆಸರು, ಎಲ್ಲಾ ಬಂತು. ಕೈ ಅಲ್ಲಾಡ್ಲಿಲ್ಲ. ಅಂಥ ವಿಡಿಯೋ ಆ ಬೆಟ್ಟದಲ್ಲಿ ಯಾರೂ ತೆಗ್ದಿಲ್ಲ ಕಣ್ರವ್ವಾ, ಹೌದು!

ದೊಡ್ಡವ್ವನ ಮನೆಗೆ ಬಂದಾಗ ದ್ಯಾವಮ್ಮ ಅಕ್ಕಂಗೆ ಸೀರೆ ಸುತ್ತಿಸ್ತಿದ್ಳು. ಬಾಗ್ಲ ಸಂದೀಲೇ ಕೇಳಿದ್ಳು.

"ಸಿಕ್ಕಿದ್ನೇನ್ಲಾ ದೇವ್ರು?"

"ಸಿಕ್ಕಿದ್ರು ಕಣವ್ವ! ಹೂಂ ಅಂದ್ರು!"

ದ್ಯಾವಮ್ಮಂಗೆ ಹೋದ ಜೀವ ಬಂದಂಗಾಯ್ತು. "ನನ್ನಪ್ಪಾ! ಮೊನ್ನೆ ಥರ ಉದ್ದ ಮಾಡಿ ನಿದ್ದೆ ಹತ್ತಿಸ್ಬೇಡ. ಅಕ್ಕ ನಲವತ್ತು ವರ್ಷದಿಂದ ನೋಡಿರೋದನ್ನೆಲ್ಲಾ ಕತ್ತರಿಸಿ ಬಿಸಾಕು. ಆಮೇಲೆ ಒಳಕ್ಕೆ ತಾ. ಎಸರಿಗೆ ಇಡ್ತೀನಿ!"

ಬೋರ ಜಗಲಿ ಮೇಲೆ ಕೂತ. ವಿಡಿಯೋ ಕತ್ತರ್ಸೋದನ್ನ ಫೋನ್ ಅಂಗಡಿಯೋನ ಹತ್ರ ಕಲ್ತಿದ್ದ. ಬೆರಳು ಚುರುಕು ಅವನ್ದು, ತಲೇದೇ ತೊಂದ್ರೆ. ಒಂದು ಗಂಟೆ ಕೂತು ಕತ್ತರಿಸ್ದ. ಕತ್ತರಿಸಿದ್ದನ್ನ ಪೂರ್ತಿ ಅಳಿಸ್ದ, ಫೋನಲ್ಲಿ ಜಾಗ ತಿಂತದಲ್ಲ ಅಂತ. ತಂದು ದೊಡ್ಡವ್ವನ ಮುಂದೆ ಹಿಡ್ದ.

ಚಪ್ಲಿ ಬಿಡೋ ಜಾಗದಲ್ಲಿ ಒಂದು ಸ್ಟೀಲ್ ಕಂಬಿ. ಕಂಬಿ ಕೆಳಗೊಂದು ನಾಯಿ. ನಾಯಿ ಬಾಲ ಅಲ್ಲಾಡಿಸ್ತು. ಮುಗೀತು.

"ದೇವ್ರೆಲ್ಲೋ?" ಅಂದ್ಳು ದ್ಯಾವಮ್ಮ.

"ನಲವತ್ತು ವರ್ಷದಿಂದ ನೋಡವ್ರಲ್ಲವ್ವ, ಕತ್ತರಿಸ್ದೆ. ಬಸ್ಸು ನೋಡವ್ರೆ, ಮೆಟ್ಲು ನೋಡವ್ರೆ, ಗವಿಯಪ್ಪೋರ್ನೂ ನೋಡವ್ರೆ. ಈ ಕಂಬಿ ಹೊಸಾದು, ನಾಯೀನೂ ಹೊಸಾದು. ಇದೊಂದೇ ನೋಡಿಲ್ಲ."

ದ್ಯಾವಮ್ಮ ನೆಲಕ್ಕೆ ಕುಕ್ಕರಿಸಿ ಸೆರಗು ಬಾಯಿಗೆ ತುರ್ಕೊಂಡು ಅತ್ಳು. ಒಲೆ ಮೇಲೆ ಎಸರು ಕೊತಕೊತ ಅಂತದೆ. ಕೆಂಚಮ್ಮ ಮಾತ್ರ ಬೋರನ್ನ ಮೆಲ್ಲಗೆ ಕರೆದ್ಳು.

"ಬಾರ್ಲಾ ಇಲ್ಲಿ. ನೀನು ಕಂಡ್ಯಾ ಅವನ್ನ?"

"ಕಂಡೆ ದೊಡ್ಡವ್ವ. ಬೆಳ್ಳಿ ಮುಖ, ಸೇವಂತಿಗೆ. ನಾನು ಕೇಳ್ದೆ, ಅವ್ರು ಬಲಗಡೆ ಕೊಟ್ರು."

"ಬಲಗಡೆ ಕೊಟ್ನಾ! ನಲವತ್ತು ವರ್ಷ ಕೇಳಿದ್ರೂ ನಂಗೆ ಎಡಗಡೇನೇ ಕಣೋ!" ಅಂದು, ಕೆಂಚಮ್ಮ ಅವನ ಗಲ್ಲ ಹಿಡ್ದು ಹತ್ರಕ್ಕೆ ಎಳ್ಕೊಂಡ್ಳು. "ಈ ಕಣ್ಣಲ್ಲಿ ತಾನೆ ಕಂಡಿದ್ದು? ಕಾಶಿಗೆ ಹೋಗಿ ಬಂದೋರ ಕಾಲು ಮುಟ್ಟಿದ್ರೆ ನಮಗೂ ಸೇರ್ತದಂತೆ. ಇವತ್ತೇ ಕಂಡು ಬಂದ ಕಣ್ಣು ನೋಡಿದ್ರೆ ಸಾಲ್ದಾ? ತಿರುವು ದ್ಯಾವಿ, ಮುದ್ದೆ! ನೀನು ಕಣ್ಣು ಮುಚ್ಬೇಡ ಕಣ್ಲಾ, ನಾನು ನೋಡ್ಕೊಂಡೇ ಉಣ್ತೀನಿ."

ದ್ಯಾವಮ್ಮ ಕಣ್ಣು ಒರಸ್ಕೊಳ್ಳೋಕೂ ನಿಲ್ದೆ ಓಡಿದ್ಳು. ಹೊಸ ರಾಗಿ ಮುದ್ದೆ, ಅವರೆಕಾಳು ಸಾರು. ಕೆಂಚಮ್ಮ ಮುರಿದು, ಅದ್ದಿ, ನುಂಗಿದ್ಳು. ಬೋರ ಎದುರಿಗೆ ಕೂತು ಕಣ್ಣು ಬಿಟ್ಟ. ಬಿಟ್ಟೋನು ರೆಪ್ಪೆ ಬಡೀಲಿಲ್ಲ! ಒಂದು ಮುದ್ದೆ ಮುಗೀತು. ಕಣ್ಣು ಕೆಂಪಾಯ್ತು. ಎರಡನೇ ಮುದ್ದೆ ಅರ್ಧ ಆಯ್ತು. ದಳದಳ ನೀರು ಸುರೀತು, ನೊಣ ಬಂದು ಮೂಗಿನ ಮೇಲೆ ಕೂತ್ಕೊತು. ಊಹೂಂ! ದ್ಯಾವಮ್ಮ ಸೌಟು ಕೆಳಗಿಟ್ಟು ಅವನ ಹತ್ರಕ್ಕೆ ಬಂದ್ಳು.

"ಅಯ್ಯೋ ನನ್ ಮಗನೇ, ಸಾಕು ಮುಚ್ಲಾ ಕಣ್ಣ! ಮುಚ್ಕೊಂಡು ಮನೆಗೆ ನಡಿ, ಹೋಗಿ ಮಲ್ಕೊ!"

"ಹೂಂ ಕಣವ್ವ."

ಮುಚ್ದ. ಎದ್ದ. ನಡೆದ. ಬಾಗ್ಲು ದಾಟಿದ, ಬೀದಿ ದಾಟಿದ. ಮನೆ ಬಾಗ್ಲು ಬಲಗಡೆಗೆ ಉಳೀತು, ಇವನು ಎಡಗಡೆಗೆ ಹೋದ. ಸ್ವಲ್ಪ ಹೊತ್ತಿಗೆ ಧೊಪ್ ಅಂತು. ದ್ಯಾವಮ್ಮ ಹೊರಕ್ಕೆ ಓಡಿ ಬಂದು ನೋಡ್ತಾಳೆ, ಮಗ ತಿಪ್ಪೆ ಗುಂಡೀಲಿ ಸೊಂಟದ ಮಟ್ಟ ಸಗಣೀಲಿ ನಿಂತವ್ನೆ. ಎರಡು ಕಣ್ಣೂ ಗಟ್ಟಿ ಮುಚ್ಕೊಂಡವ್ನೆ. ಅಲ್ಲಿಂದ್ಲೇ ಕೂಗ್ತಾನೆ.

"ಅವ್ವಾ! ಹಾಸಿಗೆ ಬೆಚ್ಚಗದೆ! ದಿಂಬೆಲ್ಲಿಟ್ಟಿದ್ದೀಯಾ?"