ತಲೆಯಾಡಿಸಿದ ಓತಿಕ್ಯಾತ

ಯಾರು ಏನೇ ಕೇಳಲಿ, ತಲೆಯಾಡಿಸುವುದು ಓತಿಕ್ಯಾತದ ಹುಟ್ಟುಗುಣ. ಬೇಲಿಯ ಮೇಲೆ ಯಾರೋ ಮರೆತುಹೋದ ಮೊಬೈಲೊಂದು ತಾಯಿ ಓತಿಕ್ಯಾತವನ್ನು ಕೇಳಿತು: "ನಿನ್ನ ಮರಿಗಳ ಫೋಟೊ ತೆಗೆದು ಕ್ಲೌಡಿನಲ್ಲಿ ಜೋಪಾನವಾಗಿಡುತ್ತೇನೆ. ಬೇಕೆಂದವರಿಗೆ ತೋರಿಸುತ್ತೇನೆ. ಒಪ್ಪಿಗೆಯೇ?"

ಜೋಪಾನ ಎಂಬುದಷ್ಟೇ ಕಿವಿಗೆ ಬಿದ್ದು ತಾಯಿ ತಲೆಯಾಡಿಸಿತು.

ಮರುದಿನ ಕೆಂಬೂತವೊಂದು ನೆಟ್ಟಗೆ ಮರಿಗಳಿದ್ದ ಪೊದೆಗೇ ನುಗ್ಗಿ ಒಂದು ಮರಿಯನ್ನು ಕಚ್ಚಿಕೊಂಡು ಹೋಯಿತು.

"ಅದಕ್ಕೆ ಈ ಜಾಗ ತೋರಿಸಿದವರು ಯಾರು?" ಎಂದು ತಾಯಿ ಗೋಳಾಡಿತು.

"ಕೆಂಬೂತ ಕೇಳಿತು, ಫೋಟೊ ತೋರಿಸಿದೆ. ನೀನು ಒಪ್ಪಿದ್ದಕ್ಕೆ ಬೇಲಿಯೇ ಸಾಕ್ಷಿ" ಎಂದಿತು ಮೊಬೈಲು.

"ಎಲ್ಲವನ್ನೂ ಅಳಿಸಿಬಿಡು."

"ಅಳಿಸಿದರೆ ಸತ್ತ ಮರಿಯ ಮುಖವೂ ಹೋಗುತ್ತದೆ. ಇಟ್ಟುಕೊಂಡರೆ, ಕೇಳಿದವರಿಗೆಲ್ಲ ತೋರಿಸುವುದು ಇದ್ದದ್ದೇ. ಇಟ್ಟುಕೊಳ್ಳಲೇ?"

ತಾಯಿ ಉಳಿದ ಮರಿಗಳತ್ತ ಒಮ್ಮೆ, ಸತ್ತ ಮರಿಯ ಫೋಟೊದತ್ತ ಒಮ್ಮೆ ನೋಡಿತು. ಆಮೇಲೆ ತಲೆಯಾಡಿಸಿತು. ಈ ಸಲ ಎಲ್ಲವನ್ನೂ ಕೇಳಿಸಿಕೊಂಡೇ ಆಡಿಸಿತು.