ಅಕ್ಕಯ್ಯಮ್ಮ ಕೇಳಿದ ಪರೀಕ್ಷೆ ವರದಿ

ಒಂದು ಬೀದಿ, ಹನ್ನೆರಡು ಮನೆ. ಎಲ್ಲರೂ ರೇಷ್ಮೆ ಹುಳು ಸಾಕುವವರು. ಹುಳುಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿದ್ದು, ಒಂದರ ರೋಗ ಇನ್ನೊಂದಕ್ಕೆ ಹಬ್ಬುತ್ತಿದ್ದುದರಿಂದ ಎಲ್ಲರಿಗೂ ಒಂದೇ ಕಡೆಯಿಂದ ಮೊಟ್ಟೆ ತರಿಸುವುದು ಅಲ್ಲಿನ ರೂಢಿ. ತರಿಸುವ ಹೊಣೆ ಅಕ್ಕಯ್ಯಮ್ಮನದು.

ಹಿಂದಿನ ಬೆಳೆಗೆ ಗಂಟುರೋಗ ಬಂದು ಹನ್ನೆರಡು ಮನೆಯ ಹುಳುಗಳನ್ನೂ ಸುಡಬೇಕಾಯಿತು. ಈ ರೋಗ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಇನ್ನೊಂದು ಬೆಳೆ ಹೋದರೆ ಹಿಪ್ಪುನೇರಳೆ ಗಿಡ ಕಿತ್ತು ಕಸುಬನ್ನೇ ಬಿಡುವುದೆಂದು ಬೀದಿಯವರು ತೀರ್ಮಾನಿಸಿದ್ದರು.

ಅಕ್ಕಯ್ಯಮ್ಮನ ಮೈದುನ ಬಚ್ಚಪ್ಪ ಮೊಬೈಲು ಹಿಡಿದು ಓಡಿ ಬಂದ. “ಅತ್ತಿಗೆ, ಮೊಟ್ಟೆ ಕಂಪನಿ ಸಿಕ್ತು! ಇವರ ವೆಬ್‌ಸೈಟ್ ನೋಡಿ.”

ಥಳಥಳ ಹೊಳೆಯುವ ವೆಬ್‌ಸೈಟ್. ‘ನೂರಕ್ಕೆ ನೂರು ರೋಗಮುಕ್ತ ಮೊಟ್ಟೆ’, ‘ಹತ್ತು ಸಾವಿರ ರೈತರ ನಂಬಿಕೆ’, ‘ಪ್ರಮಾಣೀಕೃತ’ ಎಂಬ ದುಂಡನೆಯ ಹಸಿರು ಮುದ್ರೆ. ಕೆಳಗೆ ಪೇಟ ಸುತ್ತಿದ ರೈತನೊಬ್ಬ ರೇಷ್ಮೆಗೂಡಿನ ಬುಟ್ಟಿ ಹಿಡಿದು ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

“ಇವರು ಒಳ್ಳೆಯವರು ಅಂತ ಯಾರು ಹೇಳಿದ್ರು ನಿಂಗೆ?”

“ಪಕ್ಕದ ಮನೆ ಪಿಳ್ಳಣ್ಣ ಹೇಳಿದ.”

ಪಿಳ್ಳಣ್ಣನನ್ನು ಕೇಳಿದರೆ ಅದೇ ಬೀದಿಯ ಮುನಿರತ್ನಳ ಹೆಸರು ಹೇಳಿದ. ಮುನಿರತ್ನ, “ಅಯ್ಯೋ, ಬಚ್ಚಪ್ಪನೇ ಅಲ್ವಾ ತೋರಿಸಿದ್ದು!” ಎಂದಳು. ಮೂವರಲ್ಲಿ ಒಬ್ಬರೂ ಆ ಮೊಟ್ಟೆ ಸಾಕಿದವರಲ್ಲ. ನಾವೂ ಹೀಗೆಯೇ. ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸುತ್ತೇವೆ, ಆಮೇಲೆ ‘ಚೆನ್ನಾಗಿ ವಿಚಾರಿಸಿದ್ದೇವೆ’ ಎನ್ನುತ್ತೇವೆ.

ಅಕ್ಕಯ್ಯಮ್ಮ ತಾನೇ ಕಂಪನಿಗೆ ಫೋನು ಮಾಡಿದಳು. ಅತ್ತ ಕಡೆಯಿಂದ ಸಕ್ಕರೆಯಂಥ ದನಿ.

“ನಿಮ್ಮ ಮುದ್ರೆ ಕೊಟ್ಟೋರು ಯಾರಪ್ಪ? ಅದರ ನಂಬರ್ ಎಷ್ಟು?”

“ಎಲ್ಲಾ ವೆಬ್‌ಸೈಟಲ್ಲೇ ಇದೆಯಲ್ಲಮ್ಮ.”

“ವೆಬ್‌ಸೈಟಿಗೆ ಹಾಕಿರೋರು ನೀವೇ ತಾನೇ? ಹೋಗ್ಲಿ, ಹತ್ತು ಸಾವಿರ ರೈತರಲ್ಲಿ ನಮ್ಮ ತಾಲ್ಲೂಕಿನೋರು ಮೂರು ಜನರ ಫೋನ್ ನಂಬರ್ ಕೊಡಿ.”

“ಅದು… ಆಮೇಲೆ ಕಳಿಸ್ತೀವಿ.”

“ನಮಗೆ ಕೊಡೋ ಮೊಟ್ಟೆಯ ತಾಯಿ ಚಿಟ್ಟೆಗಳನ್ನ ಪರೀಕ್ಷೆ ಮಾಡಿರೋ ವರದಿ?”

“ಅಮ್ಮ, ವ್ಯವಹಾರದಲ್ಲಿ ಮೊದಲು ನಂಬಿಕೆ ಇರಬೇಕು.”

“ಹೋದ ಸಲ ನಂಬಿಕೆ ಬೇಕಾದಷ್ಟಿತ್ತಪ್ಪ. ವರದಿ ಇರಲಿಲ್ಲ.”

ಮೂರು ದಿನ ಕಾದಳು. ಯಾವುದೂ ಬರಲಿಲ್ಲ. ಇತ್ತ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬಲಿಯುತ್ತಿತ್ತು. ಬಲಿತ ಸೊಪ್ಪನ್ನು ಎಳೆ ಹುಳು ತಿನ್ನುವುದಿಲ್ಲ. ಬೀದಿಯವರೆಲ್ಲ ಅವಳ ಮನೆ ಮುಂದೆ ನಿಂತರು.

“ನಿಮ್ಮ ಅನುಮಾನಕ್ಕೆ ನಮ್ಮ ಸೊಪ್ಪು ಹಾಳಾಗ್ಬೇಕಾ?” ಎಂದು ಬಚ್ಚಪ್ಪ ರೇಗಿದ.

ಅಕ್ಕಯ್ಯಮ್ಮನ ತೋಟದ ಸೊಪ್ಪೂ ಬಲಿಯುತ್ತಿತ್ತು. ಆದರೂ ಜಗ್ಗಲಿಲ್ಲ. “ಸೊಪ್ಪು ಕತ್ತರಿಸಿ ದನಕ್ಕೆ ಹಾಕಿ. ಮತ್ತೆ ಚಿಗುರುತ್ತೆ. ಹುಳು ಸುಟ್ಟ ಕೈಲಿ ಇನ್ನೊಂದ್ಸಲ ಹುಳು ಸುಡೋಕೆ ನನ್ನ ಕೈಲಾಗಲ್ಲ” ಎಂದಳು.

ಮರುದಿನವೇ ರೇಷ್ಮೆ ಇಲಾಖೆಯ ಕಚೇರಿಗೆ ಹೋಗಿ, ಪರವಾನಗಿ ಪಡೆದು ಮೊಟ್ಟೆ ತಯಾರಿಸುವವರ ಪಟ್ಟಿ ನೋಡಿದಳು. ಹಸಿರು ಮುದ್ರೆಯ ಕಂಪನಿ ಅದರಲ್ಲಿರಲಿಲ್ಲ. “ಬೇರೆ ಹೆಸರಲ್ಲಿ ಇದ್ದರೂ ಇರಬಹುದು, ನಂಬರ್ ತನ್ನಿ, ನೋಡೋಣ” ಎಂದರು ಅಲ್ಲಿನವರು. ಆ ನಂಬರೇ ತಾನೇ ಸಿಗದೇ ಇದ್ದದ್ದು!

ಪಟ್ಟಿಯಲ್ಲಿದ್ದ ಇನ್ನೊಂದು ಸಣ್ಣ ಕಂಪನಿಯ ವೆಬ್‌ಸೈಟನ್ನು ಬಚ್ಚಪ್ಪನ ಮೊಬೈಲಿನಲ್ಲಿ ತೆರೆಸಿದಳು. ಅದರಲ್ಲಿ ಮುದ್ರೆಯೂ ಇಲ್ಲ, ನಗುವ ರೈತನೂ ಇಲ್ಲ. ಪರವಾನಗಿ ನಂಬರ್, ವಿಳಾಸ, ಒಂದೊಂದು ಸಲ ತಯಾರಿಸಿದ ಪ್ರತಿ ತಂಡದ ಮೊಟ್ಟೆಗೂ ಪರೀಕ್ಷೆಯ ವರದಿ, ಅಷ್ಟೇ. ಎರಡು ತಂಡಗಳ ಮುಂದೆ ‘ರೋಗ ಕಂಡಿದೆ, ಸುಡಲಾಗಿದೆ’ ಎಂದಿತ್ತು.

ಬಚ್ಚಪ್ಪ ಹೌಹಾರಿದ. “ರೋಗ ಬಂದಿತ್ತು ಅಂತ ಅವರೇ ಬರ್ಕೊಂಡವ್ರೆ!”

“ಅದಕ್ಕೇ ಹೋಗಿ ನೋಡೋಣ ಅಂತಿರೋದು. ಹುಡುಕಿದೋರಿಗೆ ತಾನೇ ಕಾಣೋದು?”

ನಂಬರ್ ಸರಿಯಿದೆ ಎಂದು ಕಚೇರಿಯವರಿಂದ ಖಾತ್ರಿ ಮಾಡಿಕೊಂಡಳು. ಆ ಕಂಪನಿಯಿಂದ ಮೊಟ್ಟೆ ಒಯ್ದಿದ್ದ ಮೂವರು ರೈತರ ಜತೆ ಮಾತಾಡಿದಳು. ಬಸ್ಸು ಹತ್ತಿ ಹೋಗಿ, ತಮಗೆ ಬರಬೇಕಾದ ತಂಡದ ಚಿಟ್ಟೆಗಳ ಪರೀಕ್ಷೆಯನ್ನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದಳು. ರೋಗ ಕಾಣಲಿಲ್ಲ. ಆಮೇಲೆಯೇ ಮೊಟ್ಟೆ ಬಂದದ್ದು. ಒಂದು ಕೊಯ್ಲು ಸೊಪ್ಪು ದನದ ಪಾಲಾದದ್ದು ನಿಜ. ಆದರೆ ಹೊಸ ಚಿಗುರು ತಿಂದ ಹುಳುಗಳು ಹನ್ನೆರಡು ಮನೆಯಲ್ಲೂ ಗೂಡು ಕಟ್ಟಿದವು. ಗಿಡ ಕೀಳುವ ಮಾತು ಅಲ್ಲಿಗೇ ನಿಂತಿತು.

ಗೂಡು ಬಿಡಿಸುವ ದಿನ ಬಚ್ಚಪ್ಪ ಕೇಳಿದ, “ಆ ಹಸಿರು ಮುದ್ರೆಯೋರು ಮೋಸಗಾರರೇ ಇರ್ಬೇಕು, ಅಲ್ವಾ ಅತ್ತಿಗೆ?”

“ನಂಗೆ ಗೊತ್ತಿಲ್ಲ ಕಣೋ” ಎಂದಳು ಅಕ್ಕಯ್ಯಮ್ಮ. “ಗೊತ್ತು ಮಾಡ್ಕೊಳ್ಳೋಕೆ ಅವರು ಬಿಡಲಿಲ್ಲ. ನಂಗೆ ಅಷ್ಟೇ ಸಾಕಾಯ್ತು.”

ನೀತಿ: ತನ್ನ ಬಗ್ಗೆ ತಾನೇ ಬರೆದುಕೊಂಡದ್ದು ಸಾಕ್ಷಿಯಲ್ಲ. ‘ನಮ್ಮನ್ನು ನಂಬಿ’ ಎನ್ನುವ ಕಂಪನಿಯನ್ನು ಯಾರು ಪರೀಕ್ಷಿಸಿದರು, ವರದಿ ಎಲ್ಲಿದೆ ಎಂದು ಕೇಳಿ. ಹಾಗೆ ಕೇಳುವುದು ಅವಮಾನವಲ್ಲ. ಉತ್ತರ ಬರುವ ತನಕ ಕಾಯುವ ಗಟ್ಟಿತನ ಮಾತ್ರ ನಿಮ್ಮಲ್ಲಿರಬೇಕು.