ಗೀಜಗ ಕಟ್ಟಿದ ಬಾಗಿಲು

ಕೆರೆಯಂಚಿನ ಜಾಲಿಮರದಲ್ಲಿ ಗೂಡು ನೇಯುತ್ತಿದ್ದ ಗೀಜಗನನ್ನು ಹಕ್ಕಿಗಳೆಲ್ಲ ಇಂಜಿನಿಯರ್ ಎಂದೇ ಕರೆಯುತ್ತಿದ್ದವು. ಒಂದು ಸಂಜೆ ಅವನ ಹೆಂಡತಿ ನಡುಗುತ್ತ ಬಂದು ಗೂಡು ಹೊಕ್ಕಳು.

"ಕಾಗೆ ಅಟ್ಟಿಸಿಕೊಂಡು ಬಂತು ರೀ. ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ."

"ಯಾವ ದಿಕ್ಕಿನಿಂದ ಬಂತು? ಕೊಕ್ಕು ಎಷ್ಟು ದಪ್ಪ ಇತ್ತು?" ಎಂದ ಗೀಜಗ.

"ಅದೆಲ್ಲ ಬಿಡಿ. ಒಳಗೆ ಬಂದು ಸ್ವಲ್ಪ ಹೊತ್ತು ನನ್ನ ಪಕ್ಕ ಕೂತುಕೊಳ್ಳಿ."

"ಬಂದೆ. ಮೊದಲು ಈ ಸಮಸ್ಯೆ ಬಗೆಹರಿಸಿಬಿಡುತ್ತೇನೆ."

ಅವನು ಹೊರಗೇ ಜೋತುಬಿದ್ದು, ಹುಲ್ಲಿನೆಳೆ ಸೇರಿಸಿ ಸೇರಿಸಿ ಬಾಗಿಲನ್ನು ಕಿರಿದು ಮಾಡಿದ. ಕತ್ತಲಾಗುವ ಹೊತ್ತಿಗೆ ಕೆಲಸ ಮುಗಿಯಿತು.

"ಇನ್ನು ಕಾಗೆಯಿರಲಿ, ಅದರ ಕೊಕ್ಕೂ ಒಳಗೆ ಬರುವುದಿಲ್ಲ ನೋಡು" ಎಂದು ಬೀಗಿದ.

"ನೀವು?" ಎಂದಳು ಒಳಗಿನಿಂದ.

ಗೀಜಗ ತಲೆ ತೂರಿಸಲು ನೋಡಿದ. ಅದೂ ಒಳಗೆ ಹೋಗಲಿಲ್ಲ.

"ಅದು ಬೇರೆ ಸಮಸ್ಯೆ. ನಾಳೆ ನೋಡೋಣ" ಎಂದು ಹೊರಗಿನ ಕೊಂಬೆಯ ಮೇಲೆ ಒಬ್ಬನೇ ಕೂತ.